ಏಪ್ರಿಲ್ ಒಂದಕ್ಕೆ ನಿಂತಿರಬೇಕು

ಜನವರಿ 6, ಮಂಗಳವಾರ

ಮೆಣಸಿನಪುಡಿ ಏಜೆಂಟ್ ಹೊಸ ವರ್ಷಕ್ಕೆ ಕೊಡುವ ಡೈರಿ ಪ್ರತಿ ಸಲವೂ ಹಾಲಿನವನ ಲೆಕ್ಕಕ್ಕೇ ಮುಗಿದುಹೋಗುತ್ತಿತ್ತು. ಈ ಸಲ ನನಗೇ ಇರಲಿ ಎಂದು ಎತ್ತಿಟ್ಟುಕೊಂಡಿದ್ದೇನೆ. ಇಡೀ ದಿನ ಮಂದಿಗೆ ಬಡಿಸುವವಳಿಗೆ ತನ್ನ ಜೊತೆ ಮಾತಾಡಲು ಒಂದು ಜಾಗ ಬೇಡವೇ?

ಇವತ್ತು ಪಾಲಿಕೆಯವರು ನಾಯಂಡಹಳ್ಳಿಯ ನಮ್ಮ ಗೋಡೌನ್ ರಸ್ತೆಯವರನ್ನೆಲ್ಲ ಕಲ್ಯಾಣ ಮಂಟಪಕ್ಕೆ ಕರೆದಿದ್ದರು. ಖಾನಾವಳಿಯನ್ನು ಶಂಕ್ರವ್ವನ ಕೈಗೆ ಒಪ್ಪಿಸಿ ನಾನೂ ನಮ್ಮ ಮನೆಯವರೂ ಹೋದೆವು. ರೊಟ್ಟಿ ಬಡಿಯುವುದರಲ್ಲಿ ಅವಳು ನನಗಿಂತ ಒಂದು ಕೈ ಮೇಲೆ, ಊಟ ಒಂದು ಹೊತ್ತೂ ನಿಲ್ಲುವುದಿಲ್ಲ. ಪುರುಷೋತ್ತಮ ಎಂಬ ಕಂದಾಯ ಅಧಿಕಾರಿ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಅದರಲ್ಲಿ ನಮ್ಮ ಲೇತು, ವೆಲ್ಡಿಂಗು, ಗೋಡೌನುಗಳ ತಗಡಿನ ಶೆಡ್ಡು ಒಂದೂ ಇಲ್ಲ. ಅಲ್ಲೆಲ್ಲ ಗಾಜಿನ ಕಟ್ಟಡ, ಮೆಟ್ರೊ ನಿಲ್ದಾಣದವರೆಗೆ ನುಣ್ಣನೆಯ ಕಲ್ಲುಹಾಸು, ಎರಡೂ ಬದಿಗೆ ಹೂವಿನ ಗಿಡ. ಯೋಜನೆಯ ಹೆಸರು ‘ಪಶ್ಚಿಮ ದ್ವಾರ’. ಕಟ್ಟುವುದು ಯಾವುದೋ ಕಂಪನಿ.

"ಇದಕ್ಕೆ ಸರ್ಕಾರದ ದುಡ್ಡು ಬೇಕಾಗಿಲ್ಲ. ನಿಮ್ಮನ್ನೂ ಕೇಳಲ್ಲ. ಏಪ್ರಿಲ್ ಒಂದನೇ ತಾರೀಖು ನಿಮ್ಮ ಬೀದಿ ಕಂದಾಯ ಫ್ರೀಜ್ ಆಗುತ್ತೆ, ಅಷ್ಟೆ" ಎಂದರು.

ಫ್ರೀಜ್ ಎಂದದ್ದೇ ತಡ, ಮಂಟಪದ ತುಂಬ ಚಪ್ಪಾಳೆ. ಕಂದಾಯ ಇನ್ನು ಏರುವುದೇ ಇಲ್ಲ ಎಂದರೆ ಯಾರಿಗೆ ಬೇಡ? ಲೇತ್ ಅಂಗಡಿಯ ಗುರುಬಸಪ್ಪ ಎದ್ದು ನಿಂತು ಶಿಳ್ಳೆ ಹೊಡೆದ, ಆ ವಯಸ್ಸಿನಲ್ಲಿ. ಹಾಜರಿ ಕರೆಯುವಾಗ ಅಧಿಕಾರಿ "ಬಸವರಾಜೇಶ್ವರಿ ಏಕಾಂತಯ್ಯ" ಎಂದು ನನ್ನ ಹೆಸರನ್ನು ತಪ್ಪಿಲ್ಲದೆ ಓದಿದ್ದಕ್ಕೇ ನನಗೆ ಖುಷಿ. ಬಂದವಳೇ ಶೇಂಗಾ ಹೋಳಿಗೆ ಮಾಡಿ ಇಡೀ ಬೀದಿಗೆ ಹಂಚಿದೆ. ಪಕ್ಕದ ಪೇಪರ್ ಗೋಡೌನಿನ ಮುರಳೀಕೃಷ್ಣ ಅವರು ಮಾತ್ರ ಹೋಳಿಗೆಯನ್ನು ತಿನ್ನದೆ ಕೈಯಲ್ಲೇ ಹಿಡಿದಿದ್ದರು. ಚಪ್ಪಾಳೆಯನ್ನೂ ತಟ್ಟಿರಲಿಲ್ಲ.

ಜನವರಿ 9, ಶುಕ್ರವಾರ

ಹೋಳಿಗೆ ದಂಡ.

ಮುರಳಿಯವರು ಊಟ ಮುಗಿಸಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬಿ.ಕಾಂ. ಓದಿದವರು, ಪೇಪರ್ ವ್ಯಾಪಾರದವರಾದರೂ ಪೇಪರನ್ನು ಮಾರುವುದಕ್ಕಿಂತ ಓದುವುದೇ ಹೆಚ್ಚು. ಹತ್ತು ವರ್ಷದಿಂದ ಮಧ್ಯಾಹ್ನದ ಊಟ ನಮ್ಮಲ್ಲೇ. ನನ್ನ ಎಲ್ಲ ಅರ್ಜಿಯನ್ನೂ ಅವರೇ ಬರೆದುಕೊಡುವುದು.

"ಅಕ್ಕೋರೆ, ಫ್ರೀಜ್ ಆಗೋದು ನಾವು ಕಟ್ಟೋ ಕಂದಾಯ ಅಲ್ಲ. ಪಾಲಿಕೆಗೆ ಹೋಗೋ ಪಾಲು" ಎಂದರು. ನನಗೆ ತಿಳಿಯಲಿಲ್ಲ. ಅರಿಸಿನದಲ್ಲಿ ಬೆರಳು ಅದ್ದಿ ಬೇಳೆಯ ಬೋಗಾಣಿಯ ಹೊರಮೈಗೆ ಒಂದು ಗೆರೆ ಎಳೆದರು. "ಏಪ್ರಿಲ್ ಒಂದಕ್ಕೆ ನಮ್ಮ ಬೀದಿಯಿಂದ ಒಟ್ಟು ಎಷ್ಟು ಕಂದಾಯ ಬರುತ್ತೋ ಅದು ಈ ಗೆರೆ. ಗೆರೆ ತನಕ ಇರೋದು ಪಾಲಿಕೆಗೆ. ಚರಂಡಿ, ಶಾಲೆ, ಕಸ, ಎಲ್ಲ ಅದರಲ್ಲೇ ಆಗಬೇಕು. ನಾಳೆ ಗಾಜಿನ ಕಟ್ಟಡ ಬರುತ್ತೆ, ಬೆಲೆ ಏರುತ್ತೆ, ಕಂದಾಯ ಉಕ್ಕುತ್ತೆ. ಗೆರೆ ಮೇಲೆ ಉಕ್ಕಿದ್ದೆಲ್ಲ ಕಂಪನಿ ಸಾಲ ತೀರಿಸೋಕೆ ಹೋಗುತ್ತೆ. ಇಪ್ಪತ್ತು ವರ್ಷ."

"ಹಂಗಾದ್ರ ಗೆರಿ ಎಷ್ಟು ಕೆಳಗಿದ್ರ ಅಷ್ಟು ಕಂಪನಿಗೆ ಚಲೋ ಅಲ್ರೀ?" ಎಂದೆ.

ಅವರು ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದರು. "ಅದೇ ನನ್ನ ಭಯ. ಖಾಲಿ ಜಾಗಕ್ಕೆ ಕಂದಾಯ ಕಡಿಮೆ."

ಪಾಲಿಕೆಯ ಕಾಗದದಿಂದ ಇನ್ನೊಂದು ನಿಯಮವನ್ನೂ ಓದಿ ಹೇಳಿದರು. ಏಪ್ರಿಲ್ ಒಂದರಂದು ಯಾರ ಅಂಗಡಿ ನಿಂತಿದ್ದು ವ್ಯಾಪಾರ ನಡೆಯುತ್ತಿರುತ್ತದೋ ಅವರಿಗೆ ಹೊಸ ಕಟ್ಟಡದ ನೆಲಮಹಡಿಯಲ್ಲಿ ಅಂಗಡಿ. ಅದಕ್ಕೆ ಮೊದಲೇ ಬಿದ್ದುಹೋದವರಿಗೂ ಸೈನ್ ಮಾಡಿ ಬಿಟ್ಟುಕೊಟ್ಟವರಿಗೂ ಒಂದು ಚೆಕ್ಕು, ಒಂದು ನಮಸ್ಕಾರ. ಗೋಡೆಯನ್ನು ಕೈಯಿಂದ ತಟ್ಟಿ ನೋಡಿದೆ. ನಮ್ಮ ಖಾನಾವಳಿಗೂ ಅವರ ಗೋಡೌನಿಗೂ ಇರುವುದು ಒಂದೇ ಗೋಡೆ. ನಮ್ಮ ಶಾಖ ಅವರ ಪೇಪರ್ ರೋಲಿಗೆ ತಗಲದಿರಲೆಂದು ಒಲೆಯನ್ನೇ ಈಚೆ ಸರಿಸಿಕೊಂಡವರು ನಾವು.

ಜನವರಿ 24, ಶನಿವಾರ

ಕೈ ನಡುಗುತ್ತಿದೆ. ಅಕ್ಷರ ಸೊಟ್ಟಗೆ ಬಂದರೂ ಬರೆಯುತ್ತೇನೆ.

ಗುರುಬಸಪ್ಪನ ಲೇತ್ ಅಂಗಡಿಯನ್ನು ಬೆಳಿಗ್ಗೆ ಜೆಸಿಬಿ ತಂದು ಕೆಡವಿದರು. ನೋಟಿಸು ಇಲ್ಲ, ಪೊಲೀಸರು ಇಲ್ಲ. ಅವನು ಜೆಸಿಬಿಯ ಮುಂದೆ ಮಲಗಿದ. ನಾಲ್ಕು ಜನ ಅವನನ್ನು ಕಾಲು ಹಿಡಿದು ಎಳೆದರು, ಒಬ್ಬ ಕಬ್ಬಿಣದ ಪೈಪಿನಿಂದ ಬಾಯಿಗೆ ಹೊಡೆದ. ಹಲ್ಲು ಉದುರಿದ ಸದ್ದು ಕೇಳಿಸಿತೆಂದರೆ ಯಾರೂ ನಂಬುವುದಿಲ್ಲ, ನನಗೆ ಕೇಳಿಸಿತು. ಮತ್ತೆ ಹೊಡೆದ. ಗುರುಬಸಪ್ಪ ಮಣ್ಣಿನಲ್ಲಿ ಕೈಯಾಡಿಸುತ್ತ ಹಲ್ಲು ಹುಡುಕುತ್ತಿದ್ದ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು. ನಾನೂ ನೋಡಿದೆ.

ಆ ನಾಲ್ವರ ಮುಖಂಡ ಮುತ್ತುರಾಜ. ಇದೇ ಬೀದಿಯಲ್ಲಿ ಲಾರಿಗೆ ಲೋಡ್ ಎತ್ತುತ್ತಿದ್ದವನು, ನಮ್ಮ ರೊಟ್ಟಿ ತಿಂದೇ ಮೈ ಬೆಳೆಸಿದವನು, ಈಗ ಕಂಪನಿಯವರ ಕೈಯಾಳು. ಮಧ್ಯಾಹ್ನ ಏನೂ ಆಗದವನಂತೆ ಊಟಕ್ಕೆ ಬಂದು ಕೂತ.

"ಯಾಕೋ ಹಂಗ ಕೆಡವಿದ್ರಿ?" ಎಂದೆ.

"ನಾವೆಲ್ಲಿ ಕೆಡವಿದ್ವಿ ಅಕ್ಕಾ? ಹಳೇ ಗೋಡೆ, ತಾನಾಗೇ ಬಿತ್ತು. ಎಣ್ಣೆಗಾಯಿ ಇನ್ನೊಂಚೂರು ಹಾಕಿ."

ಕೈ ಬೀಸಿ ಕೆಡವಿದವನಿಗೆ ತಾನಾಗಿಯೇ ಬಿತ್ತಂತೆ! ನಾಲಿಗೆಗೆ ಎಲುಬಿಲ್ಲ. ಆದರೂ ಬಡಿಸಿದೆ. ಸಂಜೆ ಮನೆಯಲ್ಲಿ ಒಂದು ತುತ್ತೂ ಇಳಿಯಲಿಲ್ಲ. ನಮ್ಮ ಮನೆಯವರು ಪಕ್ಕದಲ್ಲಿ ಕೂತು ಬೆನ್ನು ಸವರಿದರು.

ಫೆಬ್ರವರಿ 3, ಮಂಗಳವಾರ

ಮುರಳಿಯವರ ಗೋಡೌನಿನಲ್ಲಿ ಬೀದಿಯವರೆಲ್ಲ ಸೇರಿದೆವು. ಅರ್ಧ ಜನ ಅಳುತ್ತಿದ್ದರು, ಅರ್ಧ ಜನ ಬೈಯುತ್ತಿದ್ದರು. ಮುರಳಿಯವರು ಮೆತ್ತಗೆ ಹೇಳಿದರು: "ಕಂಪನಿಯವರಿಗೆ ಏಪ್ರಿಲ್ ಒಂದರ ಒಳಗೆ ಬೀದಿ ಖಾಲಿ ಆಗಬೇಕು. ಆ ದಿನ ದಾಟಿದ್ರೆ ನಮ್ಮನ್ನ ಕೆಡವಿ ಅವರಿಗೇನೂ ಲಾಭ ಇಲ್ಲ. ಅಲ್ಲಿವರೆಗೆ ಯಾರೂ ಸೈನ್ ಮಾಡಬೇಡಿ, ಅಷ್ಟೆ."

ತಟ್ಟೆಯಲ್ಲಿ ಕರ್ಪೂರ ಹಚ್ಚಿ ಎಲ್ಲರೂ ಆಣೆ ಮಾಡಿದೆವು. ಆಣೆಯ ಮಾತನ್ನು ಗಟ್ಟಿಯಾಗಿ ಹೇಳಿಸಿದವಳು ನಾನು. ನನ್ನ ಗಂಟಲು ಮೈಸೂರು ರಸ್ತೆಯ ಬಸ್ಸಿನ ಹಾರನ್ನಿಗೂ ಬಗ್ಗುವುದಿಲ್ಲ ಎಂದು ಎಲ್ಲರೂ ನಕ್ಕರು. ಅಷ್ಟು ದಿನದ ಮೇಲೆ ಬೀದಿ ನಕ್ಕಿತು. ಇನ್ನು ಮೇಲೆ ಅಕ್ಕನೇ ನಮ್ಮ ಲೀಡರ್ ಎಂದರು. ಬೇಡ ಎಂದೆ, ಆದರೆ ಹಿತವಾಯಿತು.

ಫೆಬ್ರವರಿ 12, ಗುರುವಾರ

ಊಟದ ಹೊತ್ತಿಗೇ ಕಲ್ಲು ಬಿದ್ದವು. ಮೊದಲನೆಯದು ಕೈತೊಳೆಯುವ ಬೇಸಿನ್ ಒಡೆಯಿತು. ಎರಡನೆಯದು ಶಂಕ್ರವ್ವನ ತಲೆಗೆ. ರೊಟ್ಟಿ ಬಡಿಯುತ್ತಿದ್ದವಳು ಹಾಗೆಯೇ ಹಿಟ್ಟಿನ ಮೇಲೆ ಮುಖವಿಟ್ಟಳು. ಬಿಳಿ ಜೋಳದ ಹಿಟ್ಟು ಕೆಂಪಗೆ ತೊಯ್ದಿತು.

ಹೊರಗೆ ಒಬ್ಬ ಹುಡುಗ ಮೂರನೆಯ ಕಲ್ಲು ಎತ್ತಿಕೊಂಡು ನಿಂತಿದ್ದ. ನನ್ನ ಕೈಯಲ್ಲಿ ಏನಿತ್ತೆಂದು ಎಸೆದ ಮೇಲೆಯೇ ಗೊತ್ತಾದದ್ದು. ಅನ್ನ ಬಸಿದ ಕುದಿಯುವ ಗಂಜಿ. ಅವನ ಎದೆಗೆ, ಕತ್ತಿಗೆ ಬಿತ್ತು. ಅಂಗಿ ಕಿತ್ತೆಸೆದು ಕಿರುಚುತ್ತ ಓಡಿದ. ಚರ್ಮ ಅಂಗಿಯ ಜೊತೆಗೇ ಬಂದದ್ದನ್ನು ನೋಡಿದೆ. ದೇವರೇ, ನಾನು ಇದನ್ನು ಮಾಡಿದೆನೇ? ಮೂವತ್ತು ವರ್ಷ ಉಣ್ಣಲು ಕೊಟ್ಟ ಕೈ ಇದು. ಶಂಕ್ರವ್ವನಿಗೆ ಹೊಲಿಗೆ ಹಾಕಿಸಿಕೊಂಡು ಬರುವವರೆಗೂ ಅಳುತ್ತಲೇ ಇದ್ದೆ.

"ಬೀದಿ ಉಳಿಸಿದ್ರಿ ಅಕ್ಕಾರ" ಎಂದಳು ಶಂಕ್ರವ್ವ, ತಲೆಗೆ ಪಟ್ಟಿ ಕಟ್ಟಿಕೊಂಡೇ.

ಮುರಳಿಯವರು ಮಾತ್ರ "ಅವನು ಇನ್ನೂ ಚಿಕ್ಕವನು ಅಕ್ಕೋರೆ" ಎಂದರು. ಅವರ ಮಾತೂ ಸರಿ.

ಫೆಬ್ರವರಿ 15, ಭಾನುವಾರ

ಶಿವರಾತ್ರಿ. ಉಪವಾಸ. ಮೂರು ದಿನದಿಂದ ಕಲ್ಲು ಬಿದ್ದಿಲ್ಲ. ಗಂಜಿ ಕೆಲಸ ಮಾಡಿದೆ.

ಮಾರ್ಚ್ 4, ಬುಧವಾರ

ಕರ್ಪೂರ ಮುಟ್ಟಿ ಆಣೆ ಮಾಡಿದವನೇ ಮುರಿದ. ವೆಲ್ಡಿಂಗ್ ಶಾಪಿನ ಶ್ರೀರಾಮ್ ಕದ್ದುಹೋಗಿ ಸೈನ್ ಮಾಡಿದ್ದಾನೆ. ಬೆಳಿಗ್ಗೆ ಅವನ ಶೆಡ್ಡು ನೆಲಸಮವಾಯಿತು, ಅವನೇ ನಿಂತು ಕೆಡವಿಸಿದ. ಇನ್ನು ನಮ್ಮ ಬೀದಿಯ ಬಾಯಲ್ಲಿ ಗುರುಬಸಪ್ಪನ ಬಾಯಲ್ಲಿ ಇದ್ದಷ್ಟೇ ಹಲ್ಲು.

ಮಧ್ಯಾಹ್ನ ಅವನು ಸಿಲಿಂಡರ್ ಸಾಗಿಸಲು ಬಂದಾಗ ಬೀದಿಯವರು ಸುತ್ತುಗಟ್ಟಿದರು. ಯಾರೋ ಅವನ ಸ್ಕೂಟರಿಗೆ ಬೆಂಕಿ ಹಚ್ಚಿದರು. ಅವನನ್ನು ಕೆಡವಿ ತುಳಿದರು. ನಾನು ನಿಂತು ನೋಡುತ್ತಿದ್ದೆ ಅಷ್ಟೆ. ಅವನು ನನ್ನ ಕಾಲು ಹಿಡಿದು "ಅಕ್ಕಾ, ಬಿಡ್ಸಿ ಅಕ್ಕಾ, ಮನೇಲಿ ಮಕ್ಕಳವೆ" ಎಂದ. ಕಾಲು ಬಿಡಿಸಿಕೊಂಡೆ. ಬಿಡಿಸಿಕೊಳ್ಳುವಾಗ ಅವನ ಪಕ್ಕೆಗೆ ತಾಗಿತು. ಎರಡು ಸಲ ತಾಗಿತು.

ಮುರಳಿಯವರು ಬಂದು ಅವನ ಮೇಲೆ ಅಡ್ಡ ಬಿದ್ದು ಬಿಡಿಸಿದರು. ಅವರಿಗೂ ನಾಲ್ಕು ಏಟು ಬಿದ್ದವು. ಬೇಕಿತ್ತೇ ಈ ಉಸಾಬರಿ? ಒಳ್ಳೆಯವರೇ, ಆದರೆ ಕೆಲವೊಮ್ಮೆ ಯಾವ ಕಡೆಯವರೆಂದು ಗೊತ್ತಾಗುವುದಿಲ್ಲ. ರಾತ್ರಿ ಊಟ ಸೇರಿತು. ಎರಡು ರೊಟ್ಟಿ, ಮೇಲೆ ಮಜ್ಜಿಗೆ.

ಮಾರ್ಚ್ 13, ಶುಕ್ರವಾರ

ಮುತ್ತುರಾಜ ಬಂದಿದ್ದ. ಜೊತೆಗೆ ಯಾರೂ ಇರಲಿಲ್ಲ. ಗಿರಾಕಿಗಳೆಲ್ಲ ಹೋದ ಮೇಲೆ ಬಂದು ಮೂಲೆಯ ಟೇಬಲ್ಲಿಗೆ ಕೂತು ತಲೆ ತಗ್ಗಿಸಿ ರೊಟ್ಟಿ ಕೇಳಿದ. ನಾನು ವಡೆ ಕರಿಯುತ್ತಿದ್ದೆ.

"ಅಕ್ಕಾ, ನಿಮ್ದೇ ನೆಕ್ಸ್ಟು. ಅದಕ್ಕೇ ಬಂದೆ" ಎಂದ.

ಹೆದರಿಸಲು ಬಂದಿದ್ದಾನೆ, ಅದೂ ನನ್ನ ಅನ್ನದ ಮುಂದೆ ಕೂತು. ಕಾದ ಎಣ್ಣೆಯನ್ನು ಸೌಟಿನ ತುಂಬ ಎತ್ತಿಕೊಂಡು ಅವನ ಟೇಬಲ್ಲಿನ ತನಕ ಹೋಗಿ, ಅವನು ತಲೆ ಎತ್ತಿದಾಗ ಮುಖಕ್ಕೆ ಸುರಿದೆ. ಸಾವಕಾಶವಾಗಿಯೇ ಸುರಿದೆ, ನೆಲಕ್ಕೆ ಒಂದು ಹನಿ ಹಾಳಾಗಲಿಲ್ಲ. ಅವನು ಟೇಬಲ್ ಸಮೇತ ಉರುಳಿ ಮುಖ ಮುಚ್ಚಿಕೊಂಡು ಕಾಲು ಬಡಿದ. ಬೆರಳ ಸಂದಿಯಿಂದ ಗುಳ್ಳೆ ಏಳುತ್ತಿದ್ದವು. ಅಷ್ಟು ದೊಡ್ಡ ಮೈಯವನು ಎಳೆ ಮಗುವಿನಂತೆ "ಅಮ್ಮಾ, ಅಮ್ಮಾ" ಎಂದು ಅತ್ತ. ಬೀದಿಯವರು ಓಡಿ ಬಂದು ಚಪ್ಪಾಳೆ ತಟ್ಟಿದರು. ಗುರುಬಸಪ್ಪ ನನ್ನ ಕಾಲಿಗೇ ಬಿದ್ದ. ಎಲ್ಲರಿಗೂ ಬಿಸಿ ಬಿಸಿ ವಡೆ ಹಂಚಿದೆ.

ಸಂಜೆ ಮುರಳಿ ಬಂದು ಹೇಳಿದರು: "ಅವನು ಕಂಪನಿ ಕೆಲಸ ಬಿಟ್ಟುಬಿಟ್ಟಿದ್ದ ಅಕ್ಕೋರೆ. ಯಾವ ದಿನ ಬರ್ತಾರೆ, ಎಷ್ಟು ಜನ ಬರ್ತಾರೆ ಅಂತ ನಿಮಗೆ ಹೇಳೋಕೆ ಬಂದಿದ್ದ. ಬೆಳಿಗ್ಗೆ ನನ್ನ ಹತ್ರಾನೂ ಅದನ್ನೇ ಹೇಳ್ದ. ಒಂದು ಕಣ್ಣು ಹೋಗಿದೆಯಂತೆ."

ಇರಬಹುದು. ಹಾಗಾದರೆ ಮಾತನ್ನು ಸರಿಯಾಗಿ ಶುರು ಮಾಡಬೇಕಿತ್ತು. ನಿಮ್ಮದೇ ನೆಕ್ಸ್ಟು ಎಂದರೆ ಯಾರಾದರೂ ಏನು ತಿಳಿಯಬೇಕು? ಹೇಳುವವನಿಗೇ ಬುದ್ಧಿ ಇಲ್ಲದಿದ್ದರೆ ಕೇಳುವವರ ತಪ್ಪೇನು? ಕೈ ಒಂದಿಷ್ಟೂ ನಡುಗಿಲ್ಲ, ಈ ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಮಾರ್ಚ್ 19, ಗುರುವಾರ

ಯುಗಾದಿ. ಮನೆಯವರಿಗೆ ಬೇವು ಬೆಲ್ಲ ಕೊಡಲು ಕೈ ಚಾಚಿದೆ, ಹಿಂದಕ್ಕೆ ಸರಿದು ಗೋಡೆಗೆ ತಲೆ ತಾಗಿಸಿಕೊಂಡರು. ಕಣ್ಣಿಗೆ ಪೊರೆ ಬರುತ್ತಿದೆಯೋ ಏನೋ. ಡಾಕ್ಟರಿಗೆ ತೋರಿಸಬೇಕು.

ಲಿಂಗಪೂಜೆಗೆ ಈಚೆಗೆ ಬಹಳ ಹೊತ್ತು ಕೂರುತ್ತಾರೆ. ನನ್ನ ಪಾಲಿಗೂ ಸೇರಿಸಿ ಮಾಡಿರಿ ಎಂದೆ. "ಅದನ್ನೇ ಮಾಡಾಕತ್ತೀನಿ ರಾಜೇಶ್ವರಿ" ಎಂದರು.

ಮಾರ್ಚ್ 27, ಶುಕ್ರವಾರ

ಮುರಳಿ ಸೈನ್ ಮಾಡುತ್ತಾನಂತೆ.

ನಿನ್ನೆ ಅವನ ಮಗಳು ಅಮೂಲ್ಯಾ ಮೂಡಲಪಾಳ್ಯದ ಮನೆಯಿಂದ ಕೆಲಸಕ್ಕೆ ಹೊರಟಾಗ ಕಾರಿನಲ್ಲಿ ಬಂದವರು ಸ್ಕೂಟರಿಗೆ ಗುದ್ದಿದರಂತೆ. ಬಿದ್ದವಳ ಮೇಲೆ ಕಾರನ್ನು ಹಿಂದಕ್ಕೆ ತಂದು ಕಾಲಿನ ಮೇಲೆ ಹತ್ತಿಸಿದರಂತೆ. ತೊಡೆಯ ಮೂಳೆ ಮೂರು ಕಡೆ ಮುರಿದಿದೆ. ಅವನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಷ್ಟೂ ಹೇಳಿದ.

"ನಾಳೆ ಹೋಗಿ ಸೈನ್ ಮಾಡ್ತೀನಿ ಅಕ್ಕೋರೆ. ನನ್ನ ಕೈಲಿ ಇನ್ನು ಆಗಲ್ಲ. ನನ್ನ ಹೆಂಡ್ತಿ ಸೀತಾ ಅಂತೂ ಆಸ್ಪತ್ರೆ ಬಾಗಿಲು ಬಿಟ್ಟು ಏಳ್ತಿಲ್ಲ. ನಿಮಗೆ ಮೋಸ ಮಾಡಬಾರದು ಅಂತ ಮೊದಲೇ ಹೇಳ್ತಿದೀನಿ."

"ನಿಮ್ಮ ಗೋಡೌನ್ ಕೆಡವಿದ್ರ ನನ್ನ ಗ್ವಾಡಿ ನಿಲ್ತದೇನ್ರೀ?" ಎಂದೆ.

"ನಿಲ್ಲಲ್ಲ" ಎಂದ. ಸುಳ್ಳು ಹೇಳಲಿಲ್ಲ, ಅದೊಂದು ಮೆಚ್ಚಬೇಕು.

ಎಳೆ ಹುಡುಗಿ, ಪಾಪ. ನನಗೂ ಸಂಕಟವಾಯಿತು. ಆದರೆ ಮುರಿದ ಮೂಳೆ ಕೂಡುತ್ತದೆ, ಬಿದ್ದ ಗೋಡೆ ಕೂಡುತ್ತದೆಯೇ? ಗೆರೆ ಎಳೆಯುವ ದಿನ ಹತ್ತಿರ ಬಂದಿದೆ. ಏಪ್ರಿಲ್ ಒಂದರ ತನಕ ಯಾರೂ ಸೈನ್ ಮಾಡಬೇಡಿ ಎಂದು ಎಲ್ಲರಿಗೂ ಹೇಳಿದವನು ಇವನೇ.

ಮಾರ್ಚ್ 28, ಶನಿವಾರ

ಷಟರ್ ಬಿತ್ತು.

ಅವನು ಕಾಗದಪತ್ರದ ಚೀಲ ತರಲು ಬೆಳಿಗ್ಗೆ ಗೋಡೌನಿನ ಒಳಗೆ ಹೋಗಿದ್ದ. ಷಟರ್ ಅರ್ಧ ತೆರೆದಿತ್ತು. ನಾನು ಹೊರಗಿನಿಂದ ಕೆಳಗೆ ಎಳೆದೆ, ಏಪ್ರಿಲ್ ಒಂದರ ತನಕ ಒಳಗೇ ಇರಲಿ, ಊಟ ನಾನೇ ಕೊಡುತ್ತೇನೆ ಎಂದು. ಕೆಟ್ಟ ಯೋಚನೆಯೇನೂ ಇರಲಿಲ್ಲ. ಅವನು ಒಳಗಿನಿಂದ ಎತ್ತಲು ಬಲಗೈಯನ್ನು ಕೆಳಗೆ ಹಾಕಿದ. ಅಲ್ಲಿ ಕೈ ಹಾಕುತ್ತಾರೆಯೇ? ಹಳೆಯ ಷಟರ್, ಭಾರ. ನಾನು ಅದರ ಅಂಚಿನ ಮೇಲೆ ನಿಂತಿದ್ದೆ.

"ಅಕ್ಕೋರೆ, ಕೈ! ಕೈ ಅಕ್ಕೋರೆ!" ಎಂದ.

"ಸೈನ್ ಮಾಡೂದಿಲ್ಲಂತ ಅನ್ರಿ" ಎಂದೆ.

"ಮಾಡಲ್ಲ! ಮಾಡಲ್ಲ, ಬಿಡಿ!"

ಗಡಿಬಿಡಿಯಲ್ಲಿ ಹೇಳಿದ ಮಾತು ನಿಲ್ಲುವುದಿಲ್ಲ. ಸರಿಯಾಗಿ, ಸಾವಧಾನವಾಗಿ ಹೇಳಲಿ ಎಂದು ಇನ್ನೊಂದು ಸಲ ಹೇಳಿಸಿದೆ. ನೆಲದ ಮೇಲೆ ನಾಲ್ಕು ಬೆರಳು ಕಾಣುತ್ತಿದ್ದವು. ಮೊದಲು ಕೆಂಪಗಿದ್ದವು, ಆಮೇಲೆ ಬಿಳಿಚಿದವು. ಹೆಜ್ಜೆ ಬದಲಿಸಿದಾಗ ಕಡ್ಡಿ ಮುರಿದ ಸದ್ದಾಯಿತು. ಆಗ ಅವನ ಕೂಗು ನಿಂತು ಬರೀ ಉಸಿರು ಕೇಳಿಸಿತು. ಇಳಿದು ನಾನೇ ಷಟರ್ ಎತ್ತಿದೆ. ಗೋಡೆಗೊರಗಿ ಕೂತಿದ್ದ, ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗೆ. ನನ್ನ ಸೆರಗನ್ನೇ ಹರಿದು ಕಟ್ಟಿ, ಆಟೋ ಹಿಡಿದು, ನಾನೇ ಆಸ್ಪತ್ರೆಗೆ ಕಳಿಸಿದೆ. ಬೇರೆ ಯಾರಾದರೂ ಇಷ್ಟು ಮಾಡುತ್ತಿದ್ದರೇ?

ಸೈನಿನ ಬದಲು ಹೆಬ್ಬೆಟ್ಟು ಒತ್ತಿಸಿಕೊಂಡಾರು ಎಂದು ಅವನ ಕಾಗದದ ಚೀಲವನ್ನು ನಮ್ಮ ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಅವನ ಗೋಡೌನೂ ಉಳಿಯಿತು. ಇವತ್ತಲ್ಲದಿದ್ದರೆ ಮುಂದೊಂದು ದಿನ ನನ್ನನ್ನು ನೆನೆಯುತ್ತಾನೆ.

ಮಾರ್ಚ್ 29, ಭಾನುವಾರ

ಶಂಕ್ರವ್ವ ಊರಿಗೆ ಹೋದಳು. ಬಟ್ಟೆ ಗಂಟನ್ನೂ ಬಿಟ್ಟು ಹೋಗಿದ್ದಾಳೆ, ಅಷ್ಟು ಅವಸರ. ಹೇಳದೆ ಹೋದದ್ದಕ್ಕೆ ಸಿಟ್ಟು ಬಂತು. ಊರಲ್ಲಿ ಯಾರಿಗೆ ಏನಾಯಿತೋ.

ಮಧ್ಯಾಹ್ನ ಜೆಸಿಬಿ ಬಂತು. ನಾನು ಗ್ಯಾಸ್ ಸಿಲಿಂಡರನ್ನು ಬಾಗಿಲಲ್ಲಿ ನಿಲ್ಲಿಸಿ, ಪೈಪು ಕಿತ್ತು, ಕಡ್ಡಿಪೆಟ್ಟಿಗೆ ಹಿಡಿದು ಅದರ ಪಕ್ಕದಲ್ಲೇ ಕೂತೆ. "ಬರ್ರಿ" ಎಂದೆ. ಡ್ರೈವರ್ ನನ್ನ ಮುಖ ನೋಡಿ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡ. ನಮ್ಮ ಮನೆಯವರು ಒಳಗೇ ಇದ್ದರು. ಹೊರಗೆ ಬರಲು ಇದ್ದದ್ದು ಅದೊಂದೇ ಬಾಗಿಲು. "ನಾ ಒಳಗಿದೀನಿ ರಾಜೇಶ್ವರಿ" ಎಂದು ಹೇಳುತ್ತಲೇ ಇದ್ದರು. ಗೊತ್ತಿತ್ತು. ಗೊತ್ತಿದ್ದರೆ ಮತ್ತೆ ಮತ್ತೆ ಯಾಕೆ ಹೇಳಬೇಕು?

ಏಪ್ರಿಲ್ 1, ಬುಧವಾರ

ನಿಂತಿದೆ!

ಬೆಳಿಗ್ಗೆ ಎದ್ದವಳೇ ಗೋಡೆಗೆ ಕುಂಕುಮ ಹಚ್ಚಿ ಕೈ ಮುಗಿದೆ. ಆದರೆ ನಿಂತಿದ್ದರಷ್ಟೇ ಸಾಲದು, ನಡೆಯುತ್ತಿದೆ ಎಂದೂ ಬರೆದುಕೊಳ್ಳಬೇಕು. ಉಣ್ಣುವವರು ಬೇಕು. ಈಚೆಗೆ ಗಿರಾಕಿಗಳೇ ಇಲ್ಲ. ಶ್ರೀರಾಮ್ ಹಿಂದೆಯೇ ಒಬ್ಬೊಬ್ಬರಾಗಿ ಸೈನ್ ಮಾಡಿ ಬೀದಿಯ ಮುಕ್ಕಾಲು ಬಿದ್ದಿದೆ, ಉಳಿದವರು ಸುತ್ತು ಹಾಕಿ ಮೈಸೂರು ರಸ್ತೆಯ ಹೋಟೆಲಿಗೆ ಹೋಗುತ್ತಾರೆ. ಗುರುಬಸಪ್ಪನನ್ನು ಕೂಗಿ ಕರೆದೆ, ಕೇಳದವನಂತೆ ಹೋದ. ಏಟು ಬಿದ್ದ ಮೇಲೆ ಕಿವಿಗೂ ತೊಂದರೆಯಾಗಿರಬೇಕು.

ಆಟೋ ಹಿಡಿದು ಮೂಡಲಪಾಳ್ಯಕ್ಕೆ ಮುರಳಿಯ ಮನೆಗೆ ಹೋದೆ. ಸೀತಾ ಬಾಗಿಲನ್ನು ಒಂದು ಗೇಣು ಮಾತ್ರ ತೆಗೆದಳು.

"ಮುರಳಿಯವರು ಊಟಕ್ಕ ಬರಬೇಕ್ರೀ. ಇವತ್ತೊಂದಿನ" ಎಂದೆ.

"ಅವರಿಗೆ ಹುಷಾರಿಲ್ಲ. ದಯವಿಟ್ಟು ಹೋಗಿ."

"ಅಮೂಲ್ಯಾ ಹೆಂಗದಾಳ? ಆಸ್ಪತ್ರ್ಯಾಗ ಒಬ್ಬಾಕಿನ ಇರ್ತಾಳೇನು?"

ಕ್ಷೇಮ ಕೇಳುವುದು ಮನುಷ್ಯರಾದವರ ಲಕ್ಷಣ. ಸೀತಾಳ ಮುಖ ಸಪ್ಪಗಾಯಿತು. ಒಳಗಿನಿಂದ ಅವನೇ ಚಪ್ಪಲಿ ಹಾಕಿಕೊಂಡು ಬಂದ. ಆಟೋದಲ್ಲಿ ನನ್ನಿಂದ ದೂರಕ್ಕೆ ಸರಿದು ಅಂಚಿಗೆ ಕೂತ. ನೋವಿರಬೇಕು.

ಒಲೆ ಹೊತ್ತಿಸಿ ನಾನೇ ರೊಟ್ಟಿ ಬಡಿದೆ. ಮನೆಯವರನ್ನು ಒಂದು ಟೇಬಲ್ಲಿಗೆ, ಮುರಳಿಯನ್ನು ಇನ್ನೊಂದಕ್ಕೆ ಕೂರಿಸಿದೆ. ಹನ್ನೆರಡರ ಹೊತ್ತಿಗೆ ಪುರುಷೋತ್ತಮ ಸಾಹೇಬರು ಇಬ್ಬರು ಹುಡುಗರನ್ನು ಕರೆದುಕೊಂಡು ಬಂದರು. ಹುಡುಗರು ಗೋಡೆ ಅಳೆದರು. ಸಾಹೇಬರು ಸುತ್ತ ನೋಡಿದರು.

"ಇಬ್ಬರೇನಾ ಕಸ್ಟಮರ್ಸು?"

"ಈಗ ಶುರು ಆಗೇತ್ರಿ. ಇನ್ನೂ ಬರ್ತಾರ" ಎಂದೆ.

ಅವರ ಕಣ್ಣು ಮುರಳಿಯ ಕೈಯ ಕಡೆ ಹೋಯಿತು. ಮೊಣಕೈವರೆಗೂ ಬಿಳಿಯ ಪ್ಲಾಸ್ಟರು. ಮುಂದಿದ್ದ ರೊಟ್ಟಿ ಹಾಗೆಯೇ ಇತ್ತು. "ಏನ್ ಸಾರ್ ಇದು?" ಎಂದರು.

ಮುರಳಿ ತಟ್ಟೆಯನ್ನೇ ನೋಡುತ್ತಿದ್ದ. "ಷಟರ್ ಬಿತ್ತು ಸಾರ್."

ಊಟ ಮಾಡುತ್ತಿರುವವರ ಫೋಟೊ ಬೇಕಂತೆ. ಎಡಗೈಯಲ್ಲಿ ಅವನು ಹೇಗೆ ತಿಂದಾನು? ನಾನೇ ಪಕ್ಕದಲ್ಲಿ ಕೂತು, ರೊಟ್ಟಿ ಮುರಿದು, ಚಟ್ನಿಗೆ ಅದ್ದಿ, ಅವನ ಬಾಯಿಗಿಟ್ಟೆ. ಬಾಯಿ ತೆರೆದ. ಹುಡುಗ ಫೋಟೊ ತೆಗೆದ. ಸಾಹೇಬರ ಮನಸ್ಸು ತುಂಬಿ ಬಂತು, "ಈಗಿನ ಕಾಲದಲ್ಲಿ ಅಕ್ಕಪಕ್ಕದವರು ಹೀಗಿರೋದು ಎಲ್ಲಿ ನೋಡ್ತೀವಿ?" ಎಂದರು. ಊಟ ಹೇಗಿದೆ ಎಂದು ಅವನನ್ನು ಕೇಳಿದರು. ಅವನು ನನ್ನ ಕಡೆ ನೋಡಿ "ಚೆನ್ನಾಗಿದೆ" ಎಂದ.

ಬರೆದುಕೊಂಡರು. ಕಟ್ಟಡ ನಿಂತಿದೆ, ವ್ಯಾಪಾರ ನಡೆಯುತ್ತಿದೆ. ನೆಲಮಹಡಿಯಲ್ಲಿ ಅಂಗಡಿ ನನ್ನದು. ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟೆ, ಅಷ್ಟು ಸಂತೋಷ.

"ಹಂಗಾರ ಕಂಪನಿಯವರು ಸೋತ್ರು ಅಲ್ರೀ?" ಎಂದು ಕೇಳಿದೆ.

ಸಾಹೇಬರು ನಕ್ಕರು. "ಎಲ್ಲಿ ಸೋಲೋದಮ್ಮಾ? ಬೀದಿಲಿ ಮುಕ್ಕಾಲು ಖಾಲಿ ಜಾಗ. ಗೆರೆ ಅವರಿಗೆ ಬೇಕಾದಷ್ಟೇ ಕೆಳಗೆ ಬಿದ್ದಿದೆ. ನಿಮ್ದೊಂದು, ಇವರ್ದೊಂದು ನಿಂತ್ರೆ ಅವರಿಗೇನೂ ಇಲ್ಲ. ನಿಮ್ಮನ್ನ ಬಿಟ್ಟುಬಿಡಿ ಅಂತ ಮೊನ್ನೇನೇ ಹೇಳಿಕಳ್ಸಿದಾರೆ."

ಗೆರೆ ಎಲ್ಲಾದರೂ ಇರಲಿ, ನನ್ನ ಗೋಡೆ ನಿಂತಿದೆಯಲ್ಲ.

ಅವರು ಹೋದರು. ನಮ್ಮ ಮನೆಯವರು ಅರ್ಧ ಊಟದಲ್ಲೇ ಕೈ ತೊಳೆದು ಹೊರಗೆ ಹೋದರು. ಮುರಳಿಯೂ ಎದ್ದು ಹೋಗಬಹುದಿತ್ತು, ಯಾರು ತಡೆದಿದ್ದರು? ಹೋಗಲಿಲ್ಲ. ಎಷ್ಟಾದರೂ ಹಳೆಯ ಸ್ನೇಹ. ಇನ್ನೊಂದು ರೊಟ್ಟಿ ಹಾಕಲೇ ಎಂದೆ. ಹೂಂ ಎಂದ. ಮುರಿದು ಮುರಿದು ತಿನ್ನಿಸಿದೆ. ಮತ್ತೊಂದು ಎಂದೆ. ಅದಕ್ಕೂ ಹೂಂ. ಅಷ್ಟು ತಿನ್ನುವ ಮನುಷ್ಯನೇ ಅಲ್ಲ. ಇವತ್ತು ಮಾತ್ರ ನಾನು ಇಟ್ಟದ್ದನ್ನೆಲ್ಲ ತಿಂದ, ಕಣ್ಣಿನಲ್ಲಿ ನೀರು ಇಳಿಯುತ್ತಿದ್ದರೂ ಸಾಕು ಎನ್ನಲಿಲ್ಲ. ಚಟ್ನಿ ಸ್ವಲ್ಪ ಖಾರವಾಗಿತ್ತೆಂದು ಕಾಣುತ್ತದೆ.